ಊದದ ಸೀಟಿ

ಕಾಲ್ಚೆಂಡಾಟದ ನಿರ್ಣಾಯಕನ ಸೀಟಿಯನ್ನು ಜನರ ಕೋಲಾಹಲವು ಏಕೆ ಮುಚ್ಚಲಾರದು? ಅಣ್ಣಿಗೇರಿಯ ವಿದ್ಯಾರ್ಥಿಯೊಬ್ಬನ ಈ ಪ್ರಶ್ನೆಗೆ ಉತ್ತರ ಸುಲಭ. ಸೀಟಿಯು ಗಾಳಿಯನ್ನು ಸೆಕೆಂಡಿಗೆ ಸುಮಾರು 4,000 ಸಲ ಕಂಪಿಸುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದೂ ಅದರ ಆಸುಪಾಸಿನಲ್ಲಿಯೇ. ಗದ್ದಲದ ಶ್ರುತಿಯಾದರೋ ಬಹುಮಟ್ಟಿಗೆ ತಗ್ಗಿನದು.

ಆದರೆ ಸೀಟಿ ಊದದಿರುವುದೂ ಒಂದು ಸಂದೇಶವೇ. ತೊಡಕು ಹುಟ್ಟುವುದು ಅಲ್ಲಿ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಸಾಲುಗಟ್ಟಿ ಅಡ್ಡ ನಿಲ್ಲುತ್ತಿದ್ದಾಗಲೇ ಬೆಂಗಳೂರು ತಂಡದ ಸುನಿಲ್ ಛೆತ್ರಿಯವರು ಫ್ರೀ ಕಿಕ್ ಒದೆದು ಗೋಲು ಗಳಿಸಿದರು. ಸೀಟಿಯಾಗಲಿಲ್ಲವೆಂದು ಕೇರಳದವರು ಮೈದಾನ ಬಿಟ್ಟು ಹೊರನಡೆದರು. ನಿಯಮವೇನು? ಎದುರಾಳಿಗಳನ್ನು 9.15 ಮೀಟರು ಹಿಂದೆ ಸರಿಸೆಂದು ಒದೆಯುವ ತಂಡ ಕೇಳಿದರೆ ಸೀಟಿಗಾಗಿ ಕಾಯಬೇಕು. ಕೇಳದಿದ್ದರೆ ಸಾಮಾನ್ಯವಾಗಿ ಸೀಟಿ ಬೇಕಿಲ್ಲ. ಈ ಮಾತು ನಡೆಯುವುದು ಒದೆಯುವವನಿಗೂ ನಿರ್ಣಾಯಕನಿಗೂ ನಡುವೆ, ಹೆಚ್ಚಾಗಿ ಬಾಯಿಮಾತಿನಲ್ಲಿ. ಆ ಗದ್ದಲದಲ್ಲಿ ಎದುರಾಳಿಗಳಿಗೆ ಅದು ಕೇಳಿಸುವ ಭರವಸೆಯೆಲ್ಲಿ? ಗೋಲು ಊರ್ಜಿತವಾಯಿತು, ಪಂದ್ಯ ಬೆಂಗಳೂರಿನ ಪಾಲಾಯಿತು.