ಕೂಗಿಲ್ಲದ ಹರಾಜು

ಹರಾಜು ಎಂದೊಡನೆ ನನ್ನ ಕಿವಿಯಲ್ಲಿ ಮೊಳಗುವುದು ‘ಒಂದು ಸಲ, ಎರಡು ಸಲ, ಮೂರು ಸಲ’ ಎಂಬ ನಮ್ಮೂರ ಕೂಗು. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಅಂತರಜಾಲದಲ್ಲಿ ತೆರೆದ ಹರಾಜುಕಟ್ಟೆಯಲ್ಲಿ ಆ ಕೂಗೂ ಇಲ್ಲ, ಮುಖವೂ ಇಲ್ಲ. ಮುಂದೆ ಇಬೇ ಎಂದು ಹೆಸರಾದ ಆ ಕಟ್ಟೆಯಲ್ಲಿ ಮೊದಲು ಬಿಕರಿಯಾದುದು ಒಂದು ಕೆಟ್ಟ ಲೇಸರ್ ಪಾಯಿಂಟರ್. ಬಂದ ಬೆಲೆ 14.83 ಡಾಲರ್. ಮುರುಕಿಗೂ ಗಿರಾಕಿಯುಂಟೆಂದರೆ ಸಣ್ಣ ವ್ಯಾಪಾರಿಗೆ ಆಸೆ ಹುಟ್ಟದಿದ್ದೀತೆ?

ಮುಖ ಕಾಣದ ಸಂತೆಯಲ್ಲಿ ನಂಬಿಕೆಗೆ ಆಧಾರ, ವ್ಯವಹಾರ ಮುಗಿದ ಮೇಲೆ ಒಬ್ಬರ ವಿಷಯವಾಗಿ ಇನ್ನೊಬ್ಬರು ಬರೆಯುವ ಅಭಿಪ್ರಾಯ. 2008ರಲ್ಲಿ ಸಂಸ್ಥೆ ಈ ತಕ್ಕಡಿಯ ಒಂದು ತಟ್ಟೆಯನ್ನು ಕಳಚಿತು. ಕೊಳ್ಳುವವನು ಮಾರುವವನನ್ನು ತೆಗಳಬಹುದು. ಮಾರುವವನು ಕೊಳ್ಳುವವನನ್ನು ಹೊಗಳಬೇಕು, ಇಲ್ಲವೆ ಸುಮ್ಮನಿರಬೇಕು. ಸೇಡಿನ ದೂರಿಗೆ ಅಂಜಿ ಕೊಳ್ಳುವವರು ಬಾಯಿ ಬಿಡುತ್ತಿರಲಿಲ್ಲವೆಂಬುದು ಸಂಸ್ಥೆಯ ಸಮಾಧಾನ. ಅದರಲ್ಲಿ ನಿಜವಿಲ್ಲದಿಲ್ಲ. ಆ ಫೆಬ್ರವರಿಯಲ್ಲಿ ಅನೇಕ ವ್ಯಾಪಾರಿಗಳು ವಾರಕಾಲ ಮಾರಾಟ ನಿಲ್ಲಿಸಿ ಪ್ರತಿಭಟಿಸಿದರು, ನಿಯಮ ಕದಲಲಿಲ್ಲ.

ಹರಾಜು ಗೆದ್ದು ಹಣ ಕೊಡದೆ ಮರೆಯಾದವನ ಮೇಲೆ ಸಂಸ್ಥೆಗೆ ದೂರು ಕೊಡಬಹುದು, ನಿಜ. ಆದರೆ ನಾನು ಬಾಲ್ಯದಲ್ಲಿ ಕಂಡ ಸಂತೆಯಲ್ಲಿ ಬಾಕಿ ತೀರಿಸದವನ ಹೆಸರು ಸಂಜೆಯೊಳಗೆ ಅಂಗಡಿಯಿಂದ ಅಂಗಡಿಗೆ ಹಬ್ಬುತ್ತಿತ್ತು. ಬಡ ವ್ಯಾಪಾರಿಗೆ ಅದೇ ಕಾವಲು. ಜಗವೇ ನೆರೆದ ಈ ಸಂತೆಯಲ್ಲಿ ಪಕ್ಕದ ಅಂಗಡಿಯವನಿಗೆ ‘ಎಚ್ಚರ’ ಎನ್ನುವ ಆ ಒಂದು ಮಾತಿಗೇ ಎಡೆಯಿಲ್ಲ.