ಸಿಎ ಫೌಂಡೇಶನ್: ಓದುವ ಮೊದಲು ಒಂದು ಲೆಕ್ಕ

ದ್ವಿತೀಯ ಪಿಯುಸಿ ನಂತರ ಸಿಎ ಫೌಂಡೇಶನ್ ಬರೆಯಬೇಕೆಂದಿರುವ ನಾನು ಮೊದಲು ನೋಡಿದ್ದು ಪಾಸಾಗುವ ಲೆಕ್ಕವನ್ನು. ತಲಾ 100 ಅಂಕಗಳ ನಾಲ್ಕು ಪತ್ರಿಕೆಗಳು. ಪ್ರತಿಯೊಂದರಲ್ಲೂ ಕನಿಷ್ಠ 40 ಬೇಕು. ಆದರೆ ನಾಲ್ಕರಲ್ಲೂ 40 ಬಂದರೆ ಒಟ್ಟು 160, ಬೇಕಾದದ್ದು 200. ಉಳಿದ 40 ಎಲ್ಲಿಂದ?

ನಾನು ನಂಬಿರುವುದು ಅಕೌಂಟಿಂಗನ್ನು. ನಮ್ಮ ಪಿಯುಸಿಯ ಪಾಲುದಾರಿಕೆ, ಕಂಪನಿ ಲೆಕ್ಕಗಳು ಅಲ್ಲಿಯೂ ಇವೆ. ಬೆಳಗಿನ ಎರಡು ಗಂಟೆ ಅದಕ್ಕೇ ಮೀಸಲು. ಪುಸ್ತಕ ಮುಚ್ಚಿಟ್ಟು, ಗಡಿಯಾರ ಮುಂದಿಟ್ಟು ಬಿಡಿಸುತ್ತೇನೆ. ಬಿಡಿಸಿದ ಲೆಕ್ಕವನ್ನು ಓದಿದರೆ ಎಲ್ಲವೂ ಸುಲಭವೆಂದೇ ಅನಿಸುತ್ತದೆ! ಕಾನೂನು ಸಂಜೆಗೆ. ಅದೂ ವಿವರಣಾತ್ಮಕ ಪತ್ರಿಕೆ, ಬರೆದೇ ಕಲಿಯಬೇಕು.

ಗಣಿತ, ಅರ್ಥಶಾಸ್ತ್ರ ವಸ್ತುನಿಷ್ಠ. ತಪ್ಪಿದರೆ ಕಾಲು ಅಂಕ ಕಡಿತ. ಕಣ್ಣುಮುಚ್ಚಿ ನಾಲ್ಕಕ್ಕೆ ಗುರುತು ಹಾಕಿ ಒಂದು ಸರಿಯಾದರೆ ಕೈಗೆ ಸಿಗುವುದು ಬರೀ ಕಾಲು ಅಂಕ.