ನೀಡುವ ಕೈಗೂ ಬಿಡುವು ಬೇಕು



ಹಾಸ್ಟೆಲ್ ಅಥವಾ ತರಬೇತಿ ಕೇಂದ್ರದ ಕ್ಯಾಂಟೀನು ನಡೆಸಲು ಸಂಘ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆ: "ಅಡಿಗಿ ಮಾಡತೀವಿ, ನೀಡೋರು ಯಾರು?" ಉಣ್ಣುವವರೇ ನೀಡಿಕೊಳ್ಳಲಿ ಎಂಬುದು ನಮ್ಮ ಸಲಹೆ. ಇದೇ ಸೆಲ್ಫ್ ಸರ್ವಿಸ್.

ಇದು ಹೊಸದೇನಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ 'ಕೆಫೆ ದರ್ಶಿನಿ' ಶುರುವಾಯಿತು. ಮುಂದೆ ದರ್ಶಿನಿ ಹೋಟೆಲುಗಳು ಊರೂರಿಗೆ ಹಬ್ಬಿದವು. ಗಿರಾಕಿ ಟೋಕನ್ ಪಡೆದು, ತಾನೇ ತಿಂಡಿ ತಂದು, ನಿಂತು ತಿನ್ನುತ್ತಾನೆ. ಸಪ್ಲಾಯರ್‌ಗಳ ಖರ್ಚು ಉಳಿಯುವುದರಿಂದ ದರ ಕಡಿಮೆ ಇಡಲು ಬರುತ್ತದೆ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲೂ ಇದೇ ಪದ್ಧತಿ.

ಮಾಡುವ ಬಗೆ ಹೀಗೆ: ಮೊದಲು ತಾಟು, ನಂತರ ರೊಟ್ಟಿ, ಪಲ್ಯ, ಅನ್ನ, ಸಾರು ಸಾಲಾಗಿ ಇರಲಿ. ಕುಡಿಯುವ ನೀರು, ಕೈ ತೊಳೆಯುವ ಜಾಗ ಸ್ವಲ್ಪ ದೂರ ಇರಲಿ; ಇಲ್ಲದಿದ್ದರೆ ಸಾಲು ಮುಂದೆ ಸರಿಯುವುದಿಲ್ಲ. ಕೊನೆಯವರಿಗೂ ಸಿಗುವಂತೆ ಪಲ್ಯದ ಹತ್ತಿರ ಒಬ್ಬರು ನಿಂತು ನೀಡಲಿ. ವಯಸ್ಸಾದವರಿಗೆ, ಬಸುರಿಯರಿಗೆ, ಅಂಗವಿಕಲರಿಗೆ ಕುಳಿತಲ್ಲೇ ಕೊಡಬೇಕು.

ಉಂಡ ತಾಟು ಯಾರು ತೊಳೆಯಬೇಕು? ನೀಡುವ ಕೆಲಸ ತಪ್ಪಿದರೂ ಮುಸುರೆ ತಿಕ್ಕುವವಳ ಹೊರೆ ಹಾಗೇ ಉಳಿಯಬಾರದು. ಉಂಡವರೇ ತೊಳೆಯಲಿ, ಬಂದ ಅಧಿಕಾರಿಯೂ ಸೇರಿ. ಇನ್ನೊಬ್ಬರ ಎಂಜಲು ಎತ್ತುವುದು ಒಂದೇ ಓಣಿಯವರ ಪಾಲಿನ ಕೆಲಸವಲ್ಲ.

ಕೊನೆಯ ಮಾತು. ನೀಡುತ್ತಿದ್ದ ಸದಸ್ಯೆಯನ್ನು ಬಿಡಿಸಿ ಕೂಲಿ ಉಳಿಸಿದರೆ ಅದು ಉಳಿತಾಯವಲ್ಲ. ಆಕೆ ರೊಟ್ಟಿ ಬಡಿಯಲಿ, ಲೆಕ್ಕ ಬರೆಯಲಿ. ಇದನ್ನು ಮೊದಲೇ ಸಭೆಯಲ್ಲಿ ಚರ್ಚಿಸಿ ಠರಾವು ಪುಸ್ತಕದಲ್ಲಿ ಬರೆದಿಡಿ.